ಸಾಹೇಬರ ವಿಸ್ಕಿಗೆ ನಮ್ಮ ಬಾವಿ ನೀರು

ಗೆಳೆಯರೇ, ಇವತ್ತು ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಕೊಪ್ಪಳದಿಂದ ತಪಾಸಣೆಗೆ ಬಂದ ನಮ್ಮ ಕಚೇರಿಯ ಸಾಹೇಬರು ಊಟಕ್ಕೆ ಮನೆಗೆ ಬಂದಿದ್ದರು. ಕುಷ್ಟಗಿಯ ಉಪ್ಪು ನೀರು ಮಕ್ಕಳ ಹೊಟ್ಟೆಗೆ ಆಗುತ್ತಿಲ್ಲ, ಹೊಳೆ ನೀರು ಸಿಗುವ ಗಂಗಾವತಿ ಕಡೆಗೆ ವರ್ಗ ಮಾಡಿಸಿ ಎಂದು ಕೇಳಬೇಕಿತ್ತು; ಏನೋ ಕೇಳುವುದಿದೆ ಎಂದು ಬಾಗಿಲಲ್ಲೇ ಹೇಳಿಯೂ ಇದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರು ಚೀಲದಿಂದ ವಿಸ್ಕಿ ಬಾಟಲಿ ತೆಗೆದರು.

“ಸ್ಕಾಟ್ಲೆಂಡಿನ ಒಂದ ಬಟ್ಟಿಯಾಗ ಇಳಿಸಿದ್ದು, ಬೆರಕಿ ಇಲ್ಲ. ಹೈದರಾಬಾದಿನಾಗ ಒಬ್ಬ ದೊರಿ ಕಲಿಸ್ಯಾರ. ಮೊದಲ ಮೂಸಬೇಕು. ಆಮ್ಯಾಲೆ ಎರಡ ಹನಿ ನೀರು ಹಾಕಿದ್ರ ವಾಸನಿ ಬಿಚ್ಚಕೋತೈತಿ.”

ನನಗೂ ಒಂದು ಲೋಟಕ್ಕೆ ಹಾಕಿ ಕೊಟ್ಟರು. ಮೂಸಿದೆ. ದವಾಖಾನೆಯ ವಾಸನೆ ಬಂತು. ವರ್ಗದ ಮಾತು ಎತ್ತುವ ಮೊದಲೇ ಅವರು ನೀರು ಕೇಳಿದರು.

ನೀರಿಗೆ ಒಳಗೆ ಹೋದರೆ ಹೆಂಡತಿ, “ಸಿಹಿನೀರು ಬ್ಯಾಳಿ ಬೇಯಿಸಾಕ ಮುಗದಾವ. ಬಾವಿ ನೀರ ಅದಾವ, ಒಯ್ರಿ” ಎಂದಳು. ಒಯ್ದೆ.

ಸಾಹೇಬರು ಎರಡು ಹನಿಯಲ್ಲ, ಅರ್ಧ ಲೋಟ ಸುರಿದುಕೊಂಡು ಗುಟುಕರಿಸಿ ಕಣ್ಣು ಮುಚ್ಚಿದರು.

“ಉಪ್ಪು ಹತ್ತತೈತಿ ನೋಡು. ಸಮುದ್ರದ ದಂಡಿ ಮ್ಯಾಲೆ ಮಾಡಿದ್ದಂತ. ಆ ಗಾಳಿ ಇದರಾಗ ಕುಂತೈತಿ. ನಿನಗೂ ಹತ್ತಿತೇನು?”

ನಾನೂ ಒಂದು ಗುಟುಕು ಕುಡಿದು, “ಹತ್ತಿತ್ರಿ” ಎಂದೆ. ಈ ಊರಿಗೆ ಬಂದಾಗಿನಿಂದ ದಿನವೂ ಹತ್ತುತ್ತಿದೆ.

ಬಾಗಿಲ ಮರೆಯಲ್ಲಿ ಹೆಂಡತಿ ಕೆಮ್ಮಿದಳು.

ಟಾಂಗಾ ಹತ್ತುವಾಗ ಸಾಹೇಬರು, “ಏನೋ ಕೇಳಬೇಕಂದಿದ್ದೆಲ್ಲ?” ಎಂದರು. ಇಲ್ಲಿನ ನೀರು ಉಪ್ಪು ಎಂದರೆ ಅವರ ಸಮುದ್ರ ಅಲ್ಲೇ ಬತ್ತಿಹೋಗುತ್ತದೆ.

“ಏನಿಲ್ರಿ” ಎಂದೆ.

ಕುಷ್ಟಗಿಯ ಬಾವಿಗೆ ಇವತ್ತು ಸ್ಕಾಟ್ಲೆಂಡಿಗೆ ವರ್ಗವಾಯಿತು. ನಾನು ಇಲ್ಲೇ ಇದ್ದೇನೆ.