ಬೀಳುವುದನ್ನು ಕಲಿಸದ ದಿನ

ಹೊರಗೆ ನಲವತ್ತೆಂಟು ಡಿಗ್ರಿ ಬಿಸಿಲಿದ್ದರೂ ಸಿದ್ದಲಿಂಗೇಶ ಉಣ್ಣೆಯ ಟೋಪಿ ಇಲ್ಲದೆ ಕೆಲಸಕ್ಕೆ ಹೊರಡುವವನಲ್ಲ. ಕುವೈತಿನ ಅಬ್ಬಾಸಿಯಾದ ರೂಮಿನವರು ಅವನನ್ನು ಹಿಮಾಲಯದ ಸ್ವಾಮಿಗಳು ಎಂದೇ ಕಾಡಿಸುತ್ತಿದ್ದರು. ಮುಧೋಳದಿಂದ ಎ.ಸಿ. ಮೆಕ್ಯಾನಿಕ್ ಆಗಿ ಬಂದವನು ಎಗೈಲಾದ ಮಾಲೊಂದರ ಹಿಮದ ಹಾಲ್‌ನಲ್ಲಿ ಎರಡು ವರ್ಷ ತಂಪಿನ ಯಂತ್ರಗಳ ಹಿಂದೆಯೇ ಕಳೆದ. ಬಾಗಿಲು ತೆರೆಯುವ ಮುಂಚೆ ಖಾಲಿ ಇಳಿಜಾರಿನಲ್ಲಿ ಸ್ನೋಬೋರ್ಡ್ ಎಂಬ ಜಾರುವ ಹಲಗೆ ಹತ್ತಿ, ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ಹೊಸಬರಿಗೆ ಕಲಿಸುವ ಕೆಲಸವನ್ನೇ ಗಿಟ್ಟಿಸಿಕೊಂಡ. ಅವನು ಹಿಮವನ್ನು ಕಣ್ಣಾರೆ ಕಂಡಿದ್ದೂ ಕುವೈತ್‌ನಲ್ಲೇ.

ಹೊಸಬರ ತಪ್ಪುಗಳು ಅವನಿಗೆ ಬಾಯಿಪಾಠವಾಗಿದ್ದವು. ಎಲ್ಲರೂ ಮುಂದೆ ನೋಡುವುದು ಬಿಟ್ಟು ತಮ್ಮ ಕಾಲನ್ನೇ ನೋಡುತ್ತಾರೆ. ಮೊಣಕಾಲನ್ನು ಕಂಬದ ಹಾಗೆ ಸೆಟೆಸುತ್ತಾರೆ. ಹೆದರಿದ ಕೂಡಲೇ ಮೈಭಾರವನ್ನು ಹಿಂಗಾಲಿಗೆ ಬಿಡುತ್ತಾರೆ, ಆಮೇಲೆ ಹಲಗೆ ಯಾರ ಮಾತೂ ಕೇಳುವುದಿಲ್ಲ. ಇವೆಲ್ಲ ನಕ್ಕು ಮರೆಯುವಂಥವು. ಆದರೆ ಬೀಳುವಾಗ ಅಂಗೈ ಚಾಚಿದರೆ ಮಾತ್ರ ಮಣಿಕಟ್ಟು ಉಳಿಯುವುದು ಕಷ್ಟ. ಅದಕ್ಕೇ ಅವನ ಮೊದಲ ಪಾಠ ಬೀಳುವುದರದ್ದು: ಮುಷ್ಟಿ ಕಟ್ಟಿ, ಕೈಯನ್ನು ಎದೆಗೆ ಒತ್ತಿ, ಮೆತ್ತಗೆ ಉರುಳಬೇಕು. ಕಲಿಸತೊಡಗಿದ ಮೂರು ವರ್ಷದಲ್ಲಿ ಒಬ್ಬರಿಗೂ ಅದನ್ನು ತಪ್ಪಿಸಿರಲಿಲ್ಲ.

ಆ ಶುಕ್ರವಾರ ಚಿತ್ರಾ ಬಂದಳು. ಅಬು ಹಲೀಫಾದಲ್ಲಿ ಮನೆ, ಹಲ್ಲಿನ ಡಾಕ್ಟರು. ಜೊತೆಗೆ ಮೈಸೂರಿನಿಂದ ಬಂದಿದ್ದ ಅತ್ತೆ ಕಾಂತಮ್ಮ. ಸೀರೆಯ ಮೇಲೆ ಬಾಡಿಗೆ ಜಾಕೆಟ್ ತೊಟ್ಟು ಕಂಬಿಯ ಪಕ್ಕದಲ್ಲಿ ನಿಂತಿದ್ದರು. ಹಿಮದ ಮೇಲೆ ಕನ್ನಡ ಕೇಳಿ ಸಿದ್ದಲಿಂಗೇಶನಿಗೆ ಎಲ್ಲಿಲ್ಲದ ಹಿಗ್ಗು.

"ಮೊದಲ ಬೀಳೂದು ಕಲೀರಿ ಅಕ್ಕಾರ. ಬಿದ್ದಾಗ ಕೈ..." ಎಂದು ಶುರುಮಾಡಿದ.

"ಬಿಡ್ತು ಅನ್ನಪ್ಪಾ!" ಕಾಂತಮ್ಮ ಕಂಬಿಯ ಆಚೆಯಿಂದಲೇ ತಡೆದರು. "ಮೊದಲನೇ ದಿನವೇ ಬೀಳೋ ಮಾತಾ? ಒಳ್ಳೇ ಮಾತಾಡು."

ಅವನ ಅವ್ವನೂ ಹಾಗೇ ಅನ್ನುತ್ತಿದ್ದಳು. ಶುಭಕ್ಕೆ ಹೊರಟವರ ಮುಂದೆ ಕೆಟ್ಟ ಮಾತು ಆಡಿದರೆ ತಲೆಗೆ ಮೊಟಕುತ್ತಿದ್ದಳು. ನಾಲಿಗೆ ತಾನಾಗಿಯೇ ಹಿಂದೆ ಸರಿಯಿತು.

"ಬಿಡ್ತ್ರಿ ಅಮ್ಮಾರ," ಎಂದ ನಗುತ್ತ. "ನಾ ಅದೀನಲ್ರೀ, ಬೀಳಾಕ ಬಿಡೂದಿಲ್ಲ."

ದೊಡ್ಡ ಮಾತು. ಮೂರನೇ ಸಲ ಇಳಿಯುವಾಗ ಅತ್ತೆಗೆ ಕೈಬೀಸಲೆಂದು ಚಿತ್ರಾ ತಿರುಗಿದಳು, ಅವನ ಹಿಡಿತ ತಪ್ಪಿತು, ಅವಳು ಬಲಗೈ ಚಾಚಿ ಬಿದ್ದಳು. ಲಟಕ್ಕೆಂದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಸೂಪರ್‌ವೈಸರ್ ಶೆರಿಲ್ ಅಪಘಾತದ ಫಾರ್ಮ್ ತುಂಬುತ್ತ, ತಲೆ ಎತ್ತದೆ ಕೇಳಿದಳು: "ಗಿರನಾ ಸಿಖಾಯಾ ಥಾ ನಾ?" ಮುಂದಿನ ತಿಂಗಳು ಅವನ ಇಕಾಮಾ, ಕಂಪನಿಯೇ ನವೀಕರಿಸಬೇಕಾದ ವಾಸದ ಪರವಾನಗಿ, ಮುಗಿಯುವುದಿತ್ತು. ಬೀಳುವುದನ್ನು ಕಲಿಸಿದ್ದೆ ಎಂದು ತಲೆಯಾಡಿಸಿದ. 'ಸೂಚನೆ ನೀಡಲಾಗಿತ್ತು, ಗ್ರಾಹಕರು ಪಾಲಿಸಲಿಲ್ಲ' ಎಂಬುದರ ಕೆಳಗೆ ರುಜು ಹಾಕಿದ.

ಹತ್ತು ದಿನ ಬಿಟ್ಟು ಚಿತ್ರಾ ಊಟಕ್ಕೆ ಕರೆದಳು. ಬೈಯುತ್ತಾರೆ, ಬೈಸಿಕೊಂಡು ಬರೋಣ ಎಂದೇ ಹೋದ. ಯಾರೂ ಬೈಯಲಿಲ್ಲ. ಅವಳ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಯ ಅನ್ನವನ್ನು ಅಟ್ಟಾಡಿಸುತ್ತಿದ್ದಳು. ಆ ಕೈಯಲ್ಲಿ ಮತ್ತೆ ಹಲ್ಲು ಕೊರೆಯುವ ಯಂತ್ರ ಹಿಡಿಯುವುದು ಯಾವಾಗ ಎಂದು ಆಸ್ಪತ್ರೆಯಲ್ಲಿ ಯಾರೂ ಖಚಿತವಾಗಿ ಹೇಳಿರಲಿಲ್ಲ.

"ಇಷ್ಟು ಓದಿದಾಳೆ, ಕಲಿಸೋರು ಹೇಳಿದ್ದು ಕಿವಿಗೆ ಹಾಕ್ಕೊಳಲ್ಲ," ಗಂಡ ರಾಜೀವ್ ಹುಳಿ ಕಲಸುತ್ತ ಅಂದ. "ಮಾಲಿನವರು ಕೊಟ್ಟ ಫಾರ್ಮಲ್ಲೇ ಬರೆದಿದೆಯಲ್ಲ."

"ಮೊದಲಿಂದಲೂ ಹಾಗೇ," ಕಾಂತಮ್ಮ ಬಡಿಸುತ್ತ ದನಿಗೂಡಿಸಿದರು. "ಯಾರ ಮಾತೂ ಕೇಳಲ್ಲ."

ಚಿತ್ರಾ ತಲೆ ಎತ್ತಲಿಲ್ಲ. "ನೀವು ಹೇಳಿರ್ತೀರ. ನನಗೇ ಗಮನ ಇರ್ಲಿಲ್ಲ ಅನ್ಸುತ್ತೆ, ಸಾರಿ."

ಸಿದ್ದಲಿಂಗೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈ ಮುರಿದದ್ದು ಸಾಲದೆಂದು ತನ್ನ ರುಜು ಇವಳ ನೆನಪನ್ನೂ ಸುಳ್ಳುಮಾಡಿತ್ತು. ತಟ್ಟೆಯಿಂದ ಕೈ ತೆಗೆದ.

"ನಾ ಹೇಳಿಲ್ರೀ ಅಕ್ಕಾರ. ಬೀಳೂದು ಕಲಿಸಲೇ ಇಲ್ಲ. ಫಾರ್ಮಿನ್ಯಾಗ ಸುಳ್ಳಿಗೆ ಸಹಿ ಮಾಡೀನಿ. ತಪ್ಪು ನಂದು."

"ಯಾಕ್ರೀ, ಯಾಕೆ ಕಲಿಸಲಿಲ್ಲ?" ರಾಜೀವನ ದನಿ ಏರಿತು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕಾಂತಮ್ಮನ ಕಡೆ ನೋಡದಿರಲು ಸಿದ್ದಲಿಂಗೇಶ ಇನ್ನಿಲ್ಲದಂತೆ ಕಷ್ಟಪಟ್ಟ. "ಮರ್ತೆ ರೀ," ಎಂದ. "ನಾಳೆ ಆಫೀಸಿನ್ಯಾಗ ಫಾರ್ಮ್ ತಿದ್ದಿ ಬರಸ್ತೀನಿ. ಕೆಲಸ ಹೋದ್ರ ಹೋಗ್ಲಿ."

ಸೌಟು ಪಾತ್ರೆಯೊಳಗೆ ಜಾರಿದ ಸದ್ದಾಯಿತು. ಕಾಂತಮ್ಮ ಸೊಸೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅವಳ ಕೈಯಿಂದ ಚಮಚ ಇಸಿದುಕೊಂಡು, ತಾವೇ ಅನ್ನ ಕಲಸಿ ತುತ್ತು ಮಾಡಿದರು.

"ಅವನು ಮರೀಲಿಲ್ಲ ಕಣೋ ರಾಜೀವ," ಎಂದರು, ಯಾರ ಮುಖವನ್ನೂ ನೋಡದೆ. "ನಾನು ಬಾಯಿ ಮುಚ್ಚಿಸ್ದೆ." ತುತ್ತನ್ನು ಚಿತ್ರಾಳ ಬಾಯಿಯ ಹತ್ತಿರ ಹಿಡಿದು ಸಿದ್ದಲಿಂಗೇಶನ ಕಡೆ ತಿರುಗಿದರು. "ತಿದ್ದಿ ಬರೆಸುವಾಗ ನನ್ನ ಹೆಸರನ್ನೂ ಬರೆಸಪ್ಪ."