ಬಡಿಸುವ ಆಟ

ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಬ್ಬರೂ ಮದರಾಸಿನ ಕೀಲ್ಪಾಕಿನ ನಮ್ಮ ಮನೆಯಲ್ಲೇ ಇರುತ್ತಿದ್ದರು. ಮಗಳ ಮಗಳಿಗೆ ಏಳು ವರ್ಷ, ಮಗನ ಮಗಳಿಗೆ ಐದು. ಇಬ್ಬರ ತಂದೆತಾಯಿಗಳೂ ಬೆಳಿಗ್ಗೆ ಏಳಕ್ಕೆ ಶೋಳಿಂಗನಲ್ಲೂರಿನ ಆಫೀಸುಗಳಿಗೆ ಕ್ಯಾಬ್ ಹಿಡಿಯುವವರು. ಮಕ್ಕಳನ್ನು ಟಿವಿಯ ಮುಂದೆ ಬಿಡುವುದು ನನಗೆ ಆಗದು. ಆರಕ್ಕೆ ಏಳಬೇಕು, ಏಳರೊಳಗೆ ಸ್ನಾನ, ಹತ್ತಕ್ಕೆ ಪಾಠ, ಹನ್ನೆರಡಕ್ಕೆ ಊಟ.

ನಲವತ್ತು ವರ್ಷ ಉಡುಪಿ ಹೋಟೆಲಿನಲ್ಲಿ ಬಡಿಸುವವರನ್ನು ಪಳಗಿಸಿದವ ನಾನು. ಪಾಠಕ್ಕೂ ಅದನ್ನೇ ಆಟ ಮಾಡಿದೆ. ವಾಷಿಂಗ್ ಮೆಷಿನಿನ ರಟ್ಟಿನಲ್ಲಿ ಮೂರು ಬಾಳೆಎಲೆ ಕತ್ತರಿಸಿ ಹಸಿರು ಬಳಿದೆ. ಉಪ್ಪಿಗೆ ಬಿಳಿ ಗುಂಡಿ, ಪಲ್ಯ ಕೋಸಂಬರಿಗಳಿಗೆ ಬಣ್ಣದ ಚೂರುಗಳು, ಮಾವಿನಹಣ್ಣಿನ ರಸಾಯನಕ್ಕೆ ಹಳದಿ ಬಿಲ್ಲೆ. ನನ್ನ ಎಲೆಯಲ್ಲಿ ನಾನು ಬಡಿಸಿ ತೋರಿಸುವುದು, ಮಕ್ಕಳು ತಮ್ಮ ಎಲೆಯಲ್ಲಿ ಹಾಗೆಯೇ ಇಡುವುದು. ಎಡ ಬಲ ಗೊತ್ತಾಗುತ್ತದೆ, ಎಣಿಕೆ ಬರುತ್ತದೆ, ನೆನಪು ಗಟ್ಟಿಯಾಗುತ್ತದೆ. ನಿಯಮ ಒಂದೇ: ತಪ್ಪಾಗಿ ಇಟ್ಟ ಪದಾರ್ಥ ಮಧ್ಯಾಹ್ನದ ಊಟದಲ್ಲಿ ಇಲ್ಲ.

ದೊಡ್ಡವಳು ನನ್ನ ಪಕ್ಕ, ಚಿಕ್ಕವಳು ನನ್ನೆದುರು. ಮೊದಲ ದಿನ ಕೂತ ಜಾಗವೇ ದಿನವೂ.

ದೊಡ್ಡವಳು ಎರಡೇ ದಿನಕ್ಕೆ ಕಲಿತಳು. ಚಿಕ್ಕವಳದ್ದು ಎಲ್ಲವೂ ತಲೆಕೆಳಗು. ಎಡತುದಿಯ ಮೇಲೆ ಇರಬೇಕಾದ ಉಪ್ಪು ಬಲಗಡೆ ಕೆಳಗೆ. ನಡುವಿನ ಅನ್ನವೊಂದೇ ಸರಿ.

“ಉಪ್ಪು ಎಲ್ಲಿ ಇಟ್ಟದ್ದು ನೀನು?”

“ಇಂಗೇ ದಾನೇ, ಅಜ್ಜ?” ಇಲ್ಲೇ ಅಲ್ವಾ ಎಂದು ಅವಳ ಅರೆ ತಮಿಳು.

“ಅಲ್ಲ.”

“ಇವಳು ಮಕ್ಕು ಅಜ್ಜ, ಸರಿಯಾನ ಮಕ್ಕು!” ಎಂದು ದೊಡ್ಡವಳು ನಕ್ಕಳು. ಮದರಾಸಿನಲ್ಲಿ ದಡ್ಡರಿಗೆ ಹೇಳುವ ಮಾತು ಅದು. ನಾನು ಗದರಲಿಲ್ಲ. ನಾಚಿಕೆಯಾದರೆ ಬೇಗ ಕಲಿಯುತ್ತಾಳೆ ಎಂದುಕೊಂಡೆ.

ನಾಲ್ಕು ದಿನ ಚಿಕ್ಕವಳು ಬರಿಯ ಅನ್ನ ಸಾರು ಉಂಡಳು. ಪಕ್ಕದಲ್ಲಿ ದೊಡ್ಡವಳು ಬೇಕೆಂದೇ ನಿಧಾನವಾಗಿ ರಸಾಯನ ಚಪ್ಪರಿಸುತ್ತಿದ್ದಳು.

“ಐದು ವರ್ಷದ ಮಗು. ಒಂದು ಸೌಟು ಹಾಕಿದ್ರೆ ನಿಮ್ಮ ಹೋಟೆಲು ಮುಳುಗಿ ಹೋಗ್ತದಾ?” ಎಂದಳು ನನ್ನ ಹೆಂಡತಿ.

“ಹಾಕಿದ್ರೆ ಕಲಿಯುವುದು ಎಂತಕ್ಕೆ?” ಎಂದೆ.

ಮೂರನೆಯ ದಿನ ಚಿಕ್ಕವಳು ಹಳದಿ ಬಿಲ್ಲೆಯನ್ನು ನಾಲಿಗೆಗೆ ತಾಗಿಸಿ ನೋಡಿದ್ದಳು. ನಾನು ಕಿತ್ತುಕೊಂಡು, ಒರೆಸಿ, ಡಬ್ಬಿಗೆ ಹಾಕಿದೆ. ನಾಲ್ಕನೆಯ ದಿನ ಅಕ್ಕನ ಎಲೆಯನ್ನು ಇಣುಕಲು ಹೋದಳು. ದೊಡ್ಡವಳು ಮೊಣಕೈ ಅಡ್ಡ ಇಟ್ಟಳು. ಚಿಕ್ಕವಳು ಅಳಲಿಲ್ಲ. ನನ್ನ ಎಲೆಯನ್ನೇ ಕಣ್ಣು ಬಿಟ್ಟು ನೋಡಿ, ಒಂದೊಂದೇ ಚೂರನ್ನು ಅಲ್ಲಾಡದಂತೆ ಒತ್ತಿ ಇಟ್ಟಳು. ಮತ್ತೆ ತಲೆಕೆಳಗು.

ಐದನೆಯ ದಿನ ಫ್ಯಾನಿನ ಗಾಳಿಗೆ ಕೋಸಂಬರಿಯ ಚೂರು ಹಾರಿ ಅವಳ ಹಿಂದೆ ಬಿತ್ತು. ಹುಡುಕಲು ಹೋದವನು ಮಂಡಿ ನೋವಿಗೆ ಅವಳ ಪಕ್ಕದಲ್ಲೇ ಕುಸಿದು ಕೂತೆ. ತಲೆ ಎತ್ತಿದರೆ ಎದುರಿಗೆ ನನ್ನ ಎಲೆ. ಆ ಕಡೆಯಿಂದ ನೋಡಿದರೆ ಉಪ್ಪು ಬಲಗಡೆ ಕೆಳಗೆ. ಪಲ್ಯವೂ ರಸಾಯನವೂ ಅವಳು ಇಟ್ಟಲ್ಲೇ. ಐದು ದಿನವೂ ಅವಳು ಕಂಡದ್ದನ್ನು ಕಂಡ ಹಾಗೆ, ಒಂದು ಕೂದಲೆಳೆ ತಪ್ಪದೆ ಇಟ್ಟಿದ್ದಳು.

ಹೋಟೆಲಿಗೆ ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ನಾನು ಹೇಳುತ್ತಿದ್ದ ಮೊದಲ ಪಾಠವೇ ಇದು: ನಿಂತವನ ಎಡ ಕೂತವನ ಬಲ, ಎಲೆಯನ್ನು ಕೂತವನ ಕಡೆಯಿಂದ ನೋಡು. ತಪ್ಪಿದವರನ್ನು ಗಿರಾಕಿಗಳೆದುರೇ ಬೈದಿದ್ದೇನೆ.

ಮಂಡಿ ಹಿಡಿದು ಎದ್ದು ನನ್ನ ಜಾಗಕ್ಕೆ ಮರಳಿದೆ. “ಬಾ, ಈ ಕಡೆ ಕೂತ್ಕೋ,” ಎಂದೆ. ಯಾಕೆಂದು ಹೇಳಲಿಲ್ಲ. ಎಲ್ಲವನ್ನೂ ಮತ್ತೊಮ್ಮೆ ಬಡಿಸಿ ತೋರಿಸಿದೆ. ನನ್ನ ಪಕ್ಕ ಕೂತು ಅವಳು ಒಂದೂ ತಪ್ಪಿಲ್ಲದೆ ಇಟ್ಟಳು.

ಆ ಮಧ್ಯಾಹ್ನ ಹೆಂಡತಿ ಅವಳಿಗೆ ಎರಡು ಸೌಟು ರಸಾಯನ ಹಾಕಿದಳು. ಅವಳು ಬೆರಳು ಅದ್ದಲಿಲ್ಲ. ನನ್ನ ಮುಖ ನೋಡಿದಳು.

“ಅಜ್ಜ, ನೇತ್ತು ವರೆಗೂ ನಾನು ಮಕ್ಕಾ?” ನಿನ್ನೆಯವರೆಗೂ ದಡ್ಡಿಯಾಗಿದ್ದೆನಾ ಎಂದು ಕೇಳಿದ್ದು.

ನಿಜ ಹೇಳಲು ಒಂದು ಮಾತು ಸಾಕಿತ್ತು. ದೊಡ್ಡವಳು ಕಿವಿಗೊಟ್ಟು ಕೂತಿದ್ದಳು. ತಪ್ಪು ನನ್ನದು ಎಂದರೆ ನಾಳೆಯಿಂದ ಇಬ್ಬರೂ ನನ್ನ ಮಾತು ಕೇಳಲಾರರು ಎನಿಸಿತು.

“ಹೌದು,” ಎಂದೆ. “ಇವತ್ತು ಬುದ್ಧಿ ಬಂತು.”

ಅವಳು ತಲೆಯಾಡಿಸಿದಳು. ಪೂರ್ತಿ ನಂಬಿದಳು. ಆಮೇಲೆ ತಿನ್ನತೊಡಗಿದಳು.