ಗಿರಾಕಿಯ ಕಡೆಗೆ ಮುಖ

ನಮ್ಮತ್ತೆಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಕಡಿಮೆಯಿಲ್ಲ. ಮೀನು ಮಾರುಕಟ್ಟೆಯಲ್ಲಿ ನಲ್ಲಿಯ ಪಕ್ಕದ ಕಟ್ಟೆ ಅವರದು. ಮಾವ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದ್ದು ಆ ಕಟ್ಟೆಯೇ. ಜ್ವರ ಬಂದರೂ ಅಲ್ಲಿ ಹೋಗಿ ಕೂತರೇ ಅವರಿಗೆ ಮೈ ಹಗುರ.

ಈಚೆಗೆ ಅವರ ಕಣ್ಣಿಗೆ ಎಲ್ಲವೂ ಮಬ್ಬು. ಕಣ್ಣಿನ ಡಾಕ್ಟರು ಮಾಡುವುದನ್ನೆಲ್ಲ ಮಾಡಿ, ಇನ್ನು ಇಷ್ಟೇ ಎಂದಿದ್ದರು. ತಕ್ಕಡಿಯ ಮುಳ್ಳು ನೆಟ್ಟಗಾಯಿತೋ ಇಲ್ಲವೋ ಕಾಣದೆ ಒಬ್ಬ ಗಿರಾಕಿಗೆ ತೂಕ ಕಡಿಮೆ ಬಿತ್ತು. ಆತ ಮಾರುಕಟ್ಟೆಗೆಲ್ಲ ಕೇಳುವಂತೆ ಕೂಗಾಡಿ ಹೋದ. ನನ್ನ ಗಂಡ ಬಡಗಿ, ಮಾತು ಕಡಿಮೆ. ಅವತ್ತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು.

"ಅಮ್ಮ, ಅಂಕಿ ತೋರಿಸೋ ತಕ್ಕಡಿ ತಗೋ. ಅದೂ ಕಾಣಲ್ಲ ಅಂದ್ರೆ ಮನೇಲಿರು. ಈ ವಯಸ್ಸಲ್ಲಿ ಮೋಸಗಾತಿ ಅನ್ನಿಸ್ಕೋಬೇಡ."

ಅತ್ತೆ ಜಗಳವಾಡದೆ ಇದ್ದದ್ದು ಕಂಡು ನನಗೆ ಹೆದರಿಕೆಯಾಯಿತು.

ಮರುದಿನ ನನ್ನನ್ನು ಕರೆದುಕೊಂಡು ತಕ್ಕಡಿ ಅಂಗಡಿಗೆ ಹೋದರು. ಚೀಲದಲ್ಲಿ ಹಳೆಯ ಒಂದು ಕೇಜಿ ತೂಕದ ಕಲ್ಲು, ಜೊತೆಗೆ ನೀರು ಸುರಿಯುವ ಒಂದು ಮೀನು. ಅಂಗಡಿಯವನು ಮೂಗು ಮುಚ್ಚಿಕೊಂಡ.

"ಅಮ್ಮಾ, ಮೀನು ಇಡಬೇಡಿ ಅದರ ಮೇಲೆ!"

"ಮತ್ತೆ? ಮೀನು ತೂಗೋ ತಕ್ಕಡೀನ ಹೂವಿಟ್ಟು ನೋಡ್ಲಾ?"

ಮೊದಲನೆಯದರ ತಟ್ಟೆ ಸಪಾಟು, ಮೀನು ಜಾರಿ ನೆಲಕ್ಕೆ ಬಿತ್ತು. ಎರಡನೆಯದರ ಗುಂಡಿಗಳ ಸುತ್ತ ಸಂದು. ನೀರು ಬಿದ್ದರೆ ಒರೆಸಿಕೊಳ್ಳಿ ಎಂದ. "ನಾನು ಮಾರೋದು ಮೀನಪ್ಪ, ಬೆಂಕಿಪೊಟ್ಟಣ ಅಲ್ಲ" ಎಂದು ಪಕ್ಕಕ್ಕೆ ತಳ್ಳಿದರು. ಮೂರನೆಯದರ ಸ್ಟೀಲ್ ತಟ್ಟೆಗೆ ಅಂಚಿತ್ತು, ಗುಂಡಿಗಳ ಮೇಲೆ ರಬ್ಬರು ಹೊದಿಸಿತ್ತು, ಒತ್ತಿದರೆ ಪೀಂ ಎನ್ನುತ್ತಿತ್ತು. ಕಲ್ಲನ್ನಿಟ್ಟು, "ಎಷ್ಟು ಬಂತು, ನೀನೇ ಓದಪ್ಪ" ಎಂದರು. ಸರಿಯಾಗಿ ಒಂದು ಕೇಜಿ.

"ಆದ್ರೆ ಇದ್ರಲ್ಲಿ ಅಂಕಿ ಒಂದೇ ಕಡೆ ಕಾಣೋದು, ನಿಮ್ಮ ಕಡೆ. ಗಿರಾಕಿಗೂ ಕಾಣ್ಬೇಕು ಅಂದ್ರೆ ಬೇರೆ ಇದೆ."

"ತಿರುಗಿಸಿ ಇಟ್ರೆ ಆಯ್ತು. ಇದೇ ಇರ್ಲಿ."

ಆಗ ನನಗೆ ಹೊಳೆಯಿತು: ಈ ಅಂಕಿಯೂ ಅವರಿಗೆ ಕಾಣುತ್ತಿಲ್ಲ, ಇನ್ನು ಓದುವ ಕೆಲಸ ಗಿರಾಕಿಯದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಎಂಥ ಜಾಣೆ ಮುದುಕಿ ಎಂದುಕೊಂಡೆ. ಕಣ್ಣಲ್ಲಿ ನೀರೂ ಬಂತು, ಸುಳ್ಳೇಕೆ ಹೇಳಲಿ. ಗಂಡನ ಹತ್ತಿರ ಬಾಯಿ ಬಿಡಲಿಲ್ಲ.

ಹೊಸ ತಕ್ಕಡಿಯ ಮೊದಲ ದಿನ ನನ್ನ ಗಂಡ ಕೆಲಸಕ್ಕೆ ಹೋಗದೆ ಬಂದು ನಲ್ಲಿಯ ಹತ್ತಿರ ಕೈಕಟ್ಟಿ ನಿಂತರು. ಒಂದು ಸಲ ತಪ್ಪಿದರೂ ಕಟ್ಟೆ ಹೋಯಿತು ಎಂದು ನನಗೂ ಗೊತ್ತು, ಅತ್ತೆಗೂ ಗೊತ್ತು. ಅತ್ತೆ ಅಂಕಿಯನ್ನು ಗಿರಾಕಿಯ ಕಡೆಗೆ ತಿರುಗಿಸಿಟ್ಟು, ತಟ್ಟೆಯ ನೀರು ಒರೆಸಿ, ಕೈ ಆಚೆಗೆ ಬಳಸಿ ಗುಂಡಿ ಒತ್ತಿದರು. ಪೀಂ.

"ಸೊನ್ನೆ ಇದ್ಯಾ, ನೋಡ್ಕೊಳ್ಳಿ. ಆಮೇಲೆ ನೀವೇ ಓದಿ. ನಂದೇನೂ ಮುಚ್ಚುಮರೆ ಇಲ್ಲ."

ಗಿರಾಕಿಗಳು ಬಗ್ಗಿ ಜೋರಾಗಿ ಓದಿದರು. ಓದಿದ್ದು ಪಕ್ಕದ ಕಟ್ಟೆಯವರಿಗೂ ಕೇಳುವಾಗ ಸುಳ್ಳು ಹೇಳುವವರು ಯಾರು? ಮೊನ್ನೆ ಕೂಗಾಡಿದವನೂ ಬಂದು ಓದಿದ, ಸುಮ್ಮನೆ ಚೀಲ ಹಿಡಿದ. ತೂಗಿದ ಮೇಲೆ ಅತ್ತೆ ಎಂದಿನಂತೆ ಒಂದು ಸಣ್ಣ ಮೀನನ್ನು ಕೊಸರು ಎಂದು ಚೀಲಕ್ಕೇ ಹಾಕಿದರು. "ಇದನ್ನ ಮಿಷನ್ನಿಗೆ ಹೇಳೋದು ಬೇಡ."

ಮಧ್ಯಾಹ್ನದ ಹೊತ್ತಿಗೆ ಗಂಡ ಮುಂದೆ ಬಂದು, ತಾವೇ ಒಂದು ಮೀನು ಎತ್ತಿ ತಟ್ಟೆಗಿಟ್ಟು, ಅಂಕಿಯನ್ನು ಅಮ್ಮನ ಕಡೆಗೆ ತಿರುಗಿಸಿದರು. "ಅಮ್ಮ, ಎಷ್ಟು ತೋರಿಸ್ತಿದೆ?"

ಅತ್ತೆಯ ಕೈ ಒರೆಸುವ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ನನ್ನ ಬಾಯಿಗೆ ಅಂಕಿ ಬಂದಿತ್ತು, ನುಂಗಿಕೊಂಡೆ.

"ಇವತ್ತು ನೀನೂ ಗಿರಾಕೀನೇ. ಓದು."

ಗಂಡ ತಕ್ಕಡಿಯನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಬಗ್ಗಿ ಓದಿದರು. ಅತ್ತೆ ಮೀನನ್ನು ಚೀಲಕ್ಕೆ ಹಾಕಿ, ಮೇಲೆ ಕೊಸರು ಹಾಕಿ ಕೈಗಿತ್ತರು. ಗಂಡ ಚೀಲ ಹಿಡಿದು ಹೊರಟುಹೋದರು.

ಇನ್ನು ಕಟ್ಟೆಯ ಕತೆ ಮುಗಿಯಿತು ಎಂದುಕೊಂಡೆವು. ಕಟ್ಟೆ ತೊಳೆಯುವ ಹೊತ್ತಿಗೆ ಗಂಡ ಸುತ್ತಿಗೆ, ಹಲಗೆ ಹಿಡಿದು ವಾಪಸು ಬಂದರು. ತಕ್ಕಡಿಯನ್ನು ಹಲಗೆಯ ಮೇಲೆ ಕೂರಿಸಿ, ಅಂಕಿ ಅಮ್ಮನ ಕಡೆ ತಿರುಗದ ಹಾಗೆ ನಾಲ್ಕೂ ಬದಿಗೆ ಪಟ್ಟಿ ಇಟ್ಟು ಮೊಳೆ ಹೊಡೆದರು.